ಜ್ವರಕ್ಕೆ ಕೂತ ಹುಳುಗಳಿಗೆ ಹಾಡು

...ಅಥವಾ ಹಾಡು ಶುರುವಾಗುವ ಮೊದಲೇ ಅವು ತಲೆ ಎತ್ತಿದ್ದವೋ ಏನೋ. ಇಷ್ಟು ವರ್ಷ ನಾನು ಇದನ್ನು ಒಂದೇ ರೀತಿ ಹೇಳುತ್ತ ಬಂದಿದ್ದೇನೆ: ಅತ್ತೆ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದಳು, ನಾಗಸ್ವರ ಎದ್ದಿತು, ಬಿದಿರು ತಟ್ಟೆಯಲ್ಲಿದ್ದ ರೇಷ್ಮೆ ಹುಳುಗಳೆಲ್ಲ ಒಟ್ಟಿಗೆ ತಲೆ ಎತ್ತಿ ನಿಂತವು. ಕೇಳಿದವರು ಬೆರಗಾಗುತ್ತಾರೆ, ಅವರ ಬೆರಗು ನೋಡಿ ನನಗೂ ನಂಬಿಕೆ ಗಟ್ಟಿಯಾಗುತ್ತದೆ. ಆದರೆ ಈಚೆಗೆ ಆ ದೃಶ್ಯವನ್ನು ನಿಧಾನವಾಗಿ ನಡೆಸಿ ನೋಡಿದಾಗೆಲ್ಲ ಗುಂಡಿ ಒತ್ತಿದ ಸದ್ದು ತಲೆಗಳು ಎದ್ದ ಮೇಲೆ ಬರುತ್ತದೆ. ನಾಗಸ್ವರವೂ ಕೆಲವು ಸಲ ಸಾರಂಗಿಯಾಗಿರುತ್ತದೆ. ಒಮ್ಮೆಯಂತೂ ಅತ್ತೆಯೇ ಅಲ್ಲಿರಲಿಲ್ಲ, ನಾನೊಬ್ಬಳೇ ನಿಂತಿದ್ದೆ. ಯಾವುದು ಸರಿ ಎಂದು ತೀರ್ಮಾನಿಸಲು ಇದನ್ನು ಬರೆಯುತ್ತಿಲ್ಲ. ಅನುಮಾನ ಇರುವ ಕಡೆ ಅನುಮಾನವನ್ನೇ ಬರೆದಿಡುತ್ತೇನೆ. ಸಿಹಿಯಾಗಿ ಜೋಡಿಸಿದ ಬಾಲ್ಯಗಳನ್ನು ಬಹಳ ಓದಿದ್ದೇನೆ. ಅವುಗಳಲ್ಲಿ ಎಲ್ಲರಿಗೂ ಎಲ್ಲವೂ ನೆನಪಿರುತ್ತದೆ.

ಇಷ್ಟಂತೂ ನಿಜ. ಭೀಮನಬೀಡಿನ ನಮ್ಮ ಮನೆ ಹುಳುಗಳದ್ದಾಗಿತ್ತು, ನಾವು ಅಂಚಿನಲ್ಲಿ ಬದುಕುತ್ತಿದ್ದೆವು. ನಡುಮನೆಯ ತುಂಬ ಬಿದಿರಿನ ಸ್ಟ್ಯಾಂಡುಗಳು, ಒಂದೊಂದರಲ್ಲೂ ನೆಲದಿಂದ ತೊಲೆಯವರೆಗೆ ತಟ್ಟೆಗಳು. ಅಜ್ಜಿಯ ಹಾಸಿಗೆ ಬಾಗಿಲ ಮರೆಯಲ್ಲಿ, ಅಪ್ಪನದು ಜಗುಲಿಯಲ್ಲಿ, ನಾನೂ ಅವ್ವನೂ ಅಡುಗೆಮನೆಯ ಒಲೆಯ ಪಕ್ಕ. ಮನೆಯ ದಿನಚರಿಯನ್ನು ಹುಳುಗಳ ಜ್ವರ ನಿರ್ಧರಿಸುತ್ತಿತ್ತು. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಮುಟ್ಟದೆ ಒಂದೇ ಕಡೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತರೆ ಮನೆಯೂ ಕೂರಬೇಕು. ಒಗ್ಗರಣೆಯ ಘಾಟು ತಾಗುತ್ತದೆಂದು ಸಾರಿಗೆ ಒಗ್ಗರಣೆಯಿಲ್ಲ. ಒರಳಿಗೆ ಕೈ ಹಾಕುವಂತಿಲ್ಲ, ಅವ್ವ ಖಾರ ಕುಟ್ಟಲು ಪಕ್ಕದ ಮನೆಗೆ ಹೋಗುತ್ತಿದ್ದಳು. ಅಜ್ಜಿ ಲಿಂಗಪೂಜೆಯ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತುತ್ತಿದ್ದಳು. ಆಮೇಲೂ ಗಂಟೆಯನ್ನು ಆಡಿಸುವುದು ಮಾತ್ರ ಬಿಡುತ್ತಿರಲಿಲ್ಲ. ದಬದಬ ಎಂಬ ಆ ಮೂಕ ಗಂಟೆಯ ಸದ್ದು ನನಗೆ ಇವತ್ತಿಗೂ ಹೆದರಿಕೆ ಹುಟ್ಟಿಸುತ್ತದೆ. ಕೆಮ್ಮು ಬಂದರೆ ಹಿತ್ತಲಿಗೆ ಓಡಬೇಕಾಗಿತ್ತು.

ಆ ಮನೆಗೆ ಗೌರತ್ತೆ ಟೇಪ್ ರೆಕಾರ್ಡರ್ ಹಿಡಿದು ಬಂದಳು. ಅಪ್ಪನ ತಂಗಿ. ತಾಳವಾಡಿಯ ಕಡೆ ಕೊಟ್ಟಿತ್ತು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಮೂಲೆ ಒಡೆದ ಆ ಪೆಟ್ಟಿಗೆ, ಅದರ ಮುಚ್ಚಳ ಬೀಳದಂತೆ ಸೈಕಲ್ ಟ್ಯೂಬಿನ ತುಂಡು ಕಟ್ಟಿತ್ತು. ಯಾಕೆ ಬಂದಳೆಂದು ನನಗೆ ಯಾರೂ ಹೇಳಲಿಲ್ಲ. ಗೋಡೆಯಾಚೆಯಿಂದ ಕೇಳಿಸಿಕೊಂಡದ್ದರಲ್ಲಿ ಒಂದಕ್ಕೊಂದು ತಾಳೆಯಿಲ್ಲ. ಹೊತ್ತು ಮೂಡಿದರೆ ಹಾಡು ಹಾಕಿಕೊಂಡು ಕೂರುತ್ತಾಳೆಂದು ಗಂಡ ಪೆಟ್ಟಿಗೆಯನ್ನು ನೆಲಕ್ಕೆ ಎತ್ತಿ ಹಾಕಿದನಂತೆ. ಅಲ್ಲ, ಅದನ್ನು ಅವಳ ಮೇಲೆಯೇ ಎಸೆದನಂತೆ. ಅವಳ ಎಡಗಿವಿಯ ಹಿಂದೆ ಗಾಯದ ಗುರುತು ಇತ್ತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅದು ಹುಟ್ಟಿನಿಂದಲೇ ಇತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಅಪ್ಪ ಇರು ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಈ ಬೆಳೆ ಮುಗಿಯಲಿ, ನೋಡೋಣ ಎಂದ. ಅತ್ತೆ ಮರುದಿನದಿಂದಲೇ ಹುಳುಗಳ ಕೆಲಸಕ್ಕೆ ನಿಂತಳು. ಸೊಪ್ಪು ಹೆಚ್ಚುವುದು, ಹಿಕ್ಕೆ ತೆಗೆಯುವುದು, ತಟ್ಟೆ ಬದಲಿಸುವುದು. ಬೆಳೆ ಚೆನ್ನಾಗಿ ಬಂದರೆ ಅಣ್ಣ ಕಳಿಸುವುದಿಲ್ಲ ಎಂಬ ಲೆಕ್ಕ ಅವಳದಾಗಿತ್ತು. ಒಮ್ಮೆ ಸೊಪ್ಪು ಹೆಚ್ಚುತ್ತ, ತಲೆ ಎತ್ತದೆ ನನಗೆ ಹೇಳಿದಳು:

"ಇಲ್ಲಿಂದ ಹೋದ್ರೆ ಮೊದ್ಲು ಈ ಪೆಟ್ಗೆ ಒಡದಾಕ್ತಾರೆ ಕೂಸು. ಆಮೇಲೆ ನನ್ನ."

ಕ್ಯಾಸೆಟ್ಟುಗಳು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯವು. ಊಟಿಯ ಬಸ್ಸು, ಕೇರಳದ ಬಸ್ಸು ಅಲ್ಲಿ ಟೀ ಕುಡಿಯಲು ನಿಲ್ಲುತ್ತಿದ್ದವು, ಹಾಗಾಗಿ ಅಂಗಡಿಯವನು ಯಾವ ಭಾಷೆಯನ್ನೂ ಬಿಡದೆ ಇಟ್ಟುಕೊಂಡಿದ್ದ. ಅತ್ತೆಯ ಹತ್ತಿರ ತಮಿಳುನಾಡಿನ ನಾಗಸ್ವರ ಇತ್ತು, ಉತ್ತರದ ಕಡೆಯ ಸಾರಂಗಿ ಇತ್ತು, ಮಲಯಾಳದ ಮುಸ್ಲಿಮರ ಮಾಪಿಳ್ಳೆ ಹಾಡುಗಳಿದ್ದವು, ಚೀಟಿ ಹರಿದುಹೋದ ಒಂದು ಇಂಗ್ಲಿಷ್ ಕ್ಯಾಸೆಟ್ಟಿನಲ್ಲಿ ಬರೀ ಡ್ರಮ್ಮು ಗಿಟಾರು. ಇನ್ನೊಂದು ಅವಳ ಮದುವೆಯ ಓಲಗದ ಕ್ಯಾಸೆಟ್ಟು. ಅದರ ಮೇಲೆ ಅವಳು ನಮಗೆ ಸೊಪ್ಪು ತರುತ್ತಿದ್ದ ಸಿದ್ದಯ್ಯನ ತಂಬೂರಿ ಪದಗಳನ್ನು ತುಂಬಿಕೊಂಡಳು. ಸಿದ್ದಯ್ಯ ಊರಿನಲ್ಲಿ ತನ್ನಂಥ ಕಂಠವಿಲ್ಲ ಎಂದು ಮೆರೆಯುತ್ತಿದ್ದವನು. ತನ್ನ ದನಿಯನ್ನು ಪೆಟ್ಟಿಗೆಯಲ್ಲಿ ಕೇಳಿ ಅವನ ಮುಖ ಸಣ್ಣದಾಯಿತು.

"ಇದು ನಂದಲ್ಲ ಕಣವ್ವ. ಯಾವನೋ ಮೂಗಲ್ಲಿ ಹಾಡ್ತಾವ್ನೆ."

ಅತ್ತೆ ಹಾಡು ಕೇಳಿಸುತ್ತಿದ್ದ ಕ್ರಮವೇ ಬೇರೆ. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುತ್ತಿರಲಿಲ್ಲ. ಇದು ದೊಡ್ಡವರ ಸಂಗೀತ, ಇದು ಸಂತೆಯ ಹಾಡು ಎಂಬ ಭೇದ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಬಿಟ್ಟಿದ್ದಳೋ ಏನೋ. ಹಿತ್ತಲಿನ ಬಚ್ಚಲಿನಲ್ಲಿ, ಖಾಲಿ ಹಂಡೆಯೊಳಗೆ ಪೆಟ್ಟಿಗೆ ಇಟ್ಟು, ಹಂಡೆಯ ಬಾಯಿಗೆ ಇಬ್ಬರೂ ತಲೆ ಬಗ್ಗಿಸಿ ಕೂರುತ್ತಿದ್ದೆವು. ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಈಗ ಯಾರು ಸುಮ್ಮನಿದ್ದಾರೆ? ನಾಗಸ್ವರ ಊದುವಾಗ ಡೋಲು ನಿಂತಿದೆಯೇ, ಯಾವಾಗ ಮತ್ತೆ ಸೇರುತ್ತದೆ, ಅದಕ್ಕಾಗಿ ಕಾಯಬೇಕು. ಇಂಗ್ಲಿಷ್ ಹಾಡಿನಲ್ಲಿ ಒಂದು ಕಡೆ ಗಿಟಾರು ಸುಮ್ಮನಾಗುತ್ತಿತ್ತು. ಆ ಸುಮ್ಮನಿರುವಿಕೆಯ ಕೊನೆಗೆ ಬರುವ ಒಂದೇ ಒಂದು ಏಟಿಗಾಗಿ ನಾವು ಉಸಿರು ಹಿಡಿದು ಕೂತಿರುತ್ತಿದ್ದೆವು. ಆಮೇಲೆ ನಾನು ಎಷ್ಟೋ ಸಭಾಂಗಣಗಳಲ್ಲಿ ಕೂತು ಎಂತೆಂಥದೋ ಸಂಗೀತ ಕೇಳಿದ್ದೇನೆ. ತಿಳಿದವರು ವಿವರಿಸಿದ್ದನ್ನೂ ಕೇಳಿದ್ದೇನೆ. ನನ್ನೊಳಗೆ ಕೂತು ಕೇಳುವವಳು ಮಾತ್ರ ಆ ಹಂಡೆಯ ಬಾಯಿಗೆ ಬಗ್ಗಿದವಳೇ. ಸೆಲ್ಲು ಸೋತು ಹಾಡು ಎಳೆಯತೊಡಗಿದರೆ ಅವನ್ನು ಹೆಂಚಿನ ಮೇಲೆ ಬಿಸಿಲಿಗೆ ಇಟ್ಟು ಕಾಯುತ್ತಿದ್ದೆವು. ಬಿಸಿಯಾದ ಸೆಲ್ಲು ಇನ್ನೊಂದು ಹಾಡಿಗೆ ಬರುತ್ತಿತ್ತು.

ಹುಳುಗಳು ತಲೆ ಎತ್ತಿದ್ದು ಮೂರನೇ ಜ್ವರದಲ್ಲಿ. ಅಜ್ಜಿ ಯಾರದೋ ಮನೆಯ ನಾಮಕರಣಕ್ಕೆ ಹೋಗಿದ್ದಳು. ಅತ್ತೆ ಗೋಣಿಚೀಲದಲ್ಲಿ ಪೆಟ್ಟಿಗೆ ಸುತ್ತಿ ನಡುಮನೆಗೆ ತಂದು, ಸಣ್ಣಗೆ ಹಾಕಿದಳು. ಕೆಲಸ ಮಾಡುತ್ತ ಕೇಳಬೇಕೆನ್ನುವ ಆಸೆ, ಅಷ್ಟೇ. ಸಾವಿರಾರು ಬಿಳಿ ತಲೆಗಳು ಮೇಲಕ್ಕೆ ಎದ್ದು, ಅಲುಗದೆ ನಿಂತಿದ್ದವು. ನಾನು ನೋಡಿದೆನೋ ಅವಳು ನನಗೆ ತೋರಿಸಿದಳೋ, ಗೊತ್ತಿಲ್ಲ. ಕೇಳ್ತಾ ಅವೆ ಎಂದಳು, ಅದು ಗೊತ್ತು. ನಾವು ಮಾಪಿಳ್ಳೆ ಹಾಡು ಹಾಕಿದೆವು, ಆಗಲೂ ತಲೆ ಎತ್ತಿಯೇ ಇದ್ದವು. ಸಾರಂಗಿ ಕೇಳಿದವು. ಇಂಗ್ಲಿಷ್ ಡ್ರಮ್ಮು ಕೇಳಿದವು. ಸಿದ್ದಯ್ಯನ ಪದವನ್ನೂ ಕೇಳಿದವು. ಭೇದವಿಲ್ಲದ ಕೇಳುಗರು ಸಿಕ್ಕಿದರೆಂದು ಅತ್ತೆಯ ಕಣ್ಣು ಹೊಳೆಯಿತು. ಜ್ವರಕ್ಕೆ ಕೂತ ಹುಳು ಹಾಡಿದ್ದರೂ ಇಲ್ಲದಿದ್ದರೂ ತಲೆ ಎತ್ತಿಯೇ ಕೂರುತ್ತದೆ, ಅದು ಪೊರೆ ಬಿಡುವ ಭಂಗಿ ಎಂಬುದು ನಮಗೆ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಹುಳುಗಳ ನಡುವೆ ಬೆಳೆದವರು ನಾವು. ನೂರು ಸಲ ನೋಡಿದ್ದನ್ನು ಆ ದಿನ ಮೊದಲ ಸಲ ನೋಡಿದೆವು. ಟೇಪ್ ನಿಲ್ಲಿಸಿ, ಸುಮ್ಮನೆ ನಿಂತು ಒಮ್ಮೆ ನೋಡಿದ್ದರೆ ಸಾಕಿತ್ತು. ಯಾವ ಹಾಡಿನಲ್ಲಿ ಯಾರು ಸುಮ್ಮನಿದ್ದಾರೆಂದು ಹುಡುಕುತ್ತಿದ್ದ ನಮಗೆ ಅದೊಂದು ತೋಚಲಿಲ್ಲ.

ನಾಲ್ಕನೇ ಜ್ವರದಲ್ಲಿ ಸಿಕ್ಕಿಬಿದ್ದೆವು. ಬೆಳಿಗ್ಗೆಯೇ ಕೆಲವು ತಟ್ಟೆಗಳ ಅಂಚಿನಲ್ಲಿ ಉಬ್ಬಿದ ಹಳದಿ ಹುಳುಗಳು ಹರಿದಾಡುತ್ತಿದ್ದವು. ಮುಟ್ಟಿದರೆ ಚರ್ಮ ಹರಿದು ಹಾಲಿನಂಥ ನೀರು ಬರುತ್ತಿತ್ತು. ಹಾಲುತೊಂಡೆ, ಇಡೀ ಬೆಳೆಯನ್ನೇ ಗುಂಡಿಗೆ ಹಾಕಿಸುವ ರೋಗ. ಅಜ್ಜಿ ಅದನ್ನು ಕಂಡು ಬೆರಳು ಒರೆಸಿಕೊಳ್ಳುತ್ತಿರುವಾಗಲೇ ಸ್ಟ್ಯಾಂಡಿನ ಹಿಂದಿನ ಗೋಣಿಚೀಲದಿಂದ ಸಾರಂಗಿ ಕೇಳಿಸಿತು. ಅವಳು ಕೂಗಲಿಲ್ಲ. ಜ್ವರದ ಮನೆಯಲ್ಲಿ ಕೂಗುವಂತಿರಲಿಲ್ಲ. ನಮ್ಮ ಮನೆಯ ಅತಿ ದೊಡ್ಡ ಜಗಳ ಅಜ್ಜಿಗೂ ಅತ್ತೆಗೂ ಪೂರ್ತಿಯಾಗಿ ಪಿಸುಮಾತಿನಲ್ಲಿ ನಡೆಯಿತು.

"ಗಂಡನ ಮನೆ ತಿಂದ್ಕಂಡು ಬಂದೆ. ಈಗ ಇದ್ನೂ ತಿಂತಿದ್ದೀಯ."

"ಅವು ಕೇಳ್ತವೆ ಕಣವ್ವ. ನೀನೇ ನೋಡು, ತಲೆ ಎತ್ತವೆ."

"ಸಾಯಕ್ಕೆ ಎತ್ತವೆ."

ಅದೇ ಮಧ್ಯಾಹ್ನ ತಾಳವಾಡಿಯಿಂದ ಅತ್ತೆಯ ಗಂಡನ ಅಣ್ಣ ಬಂದರು. ಗುಂಡ್ಲುಪೇಟೆಗೆ ಬೇರೆ ಕೆಲಸಕ್ಕೆ ಬಂದವರು ಹಾಗೇ ಬಂದರಂತೆ. ಅಜ್ಜಿ ಮೊದಲೇ ಹೇಳಿ ಕಳಿಸಿದ್ದಳು ಎಂಬ ಮಾತೂ ಇದೆ. ಅಗಲ ಮುಖದ, ಮೆಲ್ಲಗೆ ಮಾತಾಡುವ ಮನುಷ್ಯ. ಜಗುಲಿಯಲ್ಲಿ ಊಟಕ್ಕೆ ಕೂರಿಸಿ ಅವ್ವ ಮುದ್ದೆ ಬಡಿಸಿ ಸಾರು ಬಿಟ್ಟಳು. ಒಂದು ತುತ್ತು ನುಂಗಿ ಅವರು ತಟ್ಟೆಯನ್ನು ಸ್ವಲ್ಪ ದೂರ ಸರಿಸಿದರು.

"ಒಗ್ಗರಣೆನೂ ಹಾಕಬಾರ್ದು ಅನ್ನಂಗೆ ಆಗೋದ್ನಾ ನಾನು?"

ಹುಳು ಜ್ವರಕ್ಕೆ ಕೂತಿವೆ ಎಂದು ಅಪ್ಪ ಸಮಾಧಾನ ಹೇಳುವಷ್ಟರಲ್ಲಿ ಒಳಗಿನಿಂದ ಅಜ್ಜಿ ಬಂದು, ಒಗ್ಗರಣೆ ಇಲ್ಲ, ಸಂಗೀತ ಮಾತ್ರ ಉಂಟು ಎಂದು ಎಲ್ಲವನ್ನೂ ಹೇಳಿಬಿಟ್ಟಳು. ಅವರು ಕೈ ತೊಳೆದರು. ನಗುತ್ತಲೇ ಮಾತಾಡಿದರು. ಅವಳು ಹೋದ ಕಡೆಯೆಲ್ಲ ಹೀಗೇ, ಮನೆ ಹಾಳಾಗುವ ಮೊದಲು ಕಳಿಸಿಬಿಡಿ, ನಮ್ಮ ಹುಡುಗನಿಗೆ ಹೇಗೆ ಇಟ್ಟುಕೊಳ್ಳಬೇಕೋ ಗೊತ್ತಿದೆ. ಇನ್ನೂ ಏನೋ ಹೇಳಿದರು, ತಮ್ಮ ಮನೆಯಲ್ಲಾದರೆ ಇಂಥದನ್ನು ಹೇಗೆ ಸರಿಮಾಡುತ್ತೇವೆ ಎಂದು. ಅಪ್ಪನಿಗೆ ತಂಗಿಯ ಮೇಲೆ ಅಂಥ ಮಮಕಾರ ಇತ್ತೆಂದು ನಾನು ಹೇಳಲಾರೆ. ತನ್ನ ಜಗುಲಿಯ ಮೇಲೆ ಕೂತು ಇನ್ನೊಬ್ಬರು ಬುದ್ಧಿ ಹೇಳುವುದು ಅವನಿಗೆ ಆಗುತ್ತಿರಲಿಲ್ಲ. ಕೊನೆಗೆ ಹೇಳಿದ:

"ಹಾಡಿಂದ ಹುಳ ಸಾಯ್ತವೋ ಇಲ್ವೋ ಹುಳನೇ ಯೋಳ್ಲಿ, ಬೀಗ್ರೆ. ಅರ್ಧ ಇಲ್ಲೇ ಇರ್ಲಿ, ಹಾಡು ಹಾಕನ. ಅರ್ಧ ಹಿತ್ಲು ಕೋಣೆಗೆ ಇಕ್ಕನ, ಸದ್ದು ಬ್ಯಾಡ. ಗೂಡು ಕಟ್ಟೋ ದಿನ ಬನ್ನಿ. ಹಾಡು ಕೇಳಿದ್ವು ಕೆಟ್ರೆ ಇವ್ಳ ಕರ್ಕಂಡೋಗಿ."

"ಕೆಡದಿದ್ರೆ?"

"ಇಲ್ಲೇ ಇರ್ತಾಳೆ. ಆಮೇಲೆ ನೀವು ಕೇಳಂಗಿಲ್ಲ."

ಅತ್ತೆ ಬಾಗಿಲ ಹಿಂದೆ ನಿಂತಿದ್ದಳು. ಅವಳನ್ನು ಯಾರೂ ಒಪ್ಪಿಗೆಯೇ ಎಂದು ಕೇಳಲಿಲ್ಲ. ಹುಳುಗಳ ಮೇಲೆ ನಂಬಿಕೆ ಇಟ್ಟಿದ್ದವಳು ಆ ಕ್ಷಣದಲ್ಲಿ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಅವು ಕೇಳುತ್ತವೆಂದು ಅವಳು ನಿಜವಾಗಿ ನಂಬಿದ್ದಳೇ ಎಂದು ನನಗೆ ಆಗಲೇ ಅನುಮಾನ ಬಂತು. ಈ ಅನುಮಾನ ಈಗ ಸೇರಿಸಿದ್ದೂ ಇರಬಹುದು.

ಹುಳುಗಳು ಜ್ವರದಿಂದ ಎದ್ದ ಬೆಳಿಗ್ಗೆ ತಟ್ಟೆಗಳನ್ನು ಹಂಚಿದರು. ಅಪ್ಪನೇ ಗುಂಡ್ಲುಪೇಟೆಗೆ ಹೋಗಿ ಹೊಸ ಸೆಲ್ಲು ತಂದ. ಬೆಳಗಿನ ಮೇವಿನಿಂದ ದೀಪ ಹಚ್ಚುವವರೆಗೆ ನಡುಮನೆಯಲ್ಲಿ ಹಾಡು ನಿಲ್ಲಬಾರದು, ಮೋಸ ನಡೆಯದಂತೆ ಅಜ್ಜಿ ಎರಡು ಕೋಣೆಗಳ ನಡುವೆ ಮಣೆ ಹಾಕಿ ಕೂರಬೇಕು. ಹಂಡೆಯ ಬಾಯಿಗೆ ಬಗ್ಗಿ ಕದ್ದು ಕೇಳುತ್ತಿದ್ದದ್ದನ್ನು ಇಡೀ ಮನೆ ಕಡ್ಡಾಯವಾಗಿ ಕೇಳುವಂತಾಯಿತು. ಆ ದಿನಗಳ ಬಗ್ಗೆ ನಲಿವಿನಿಂದ ಬರೆಯಲು ಕೈ ಹೋಗುತ್ತದೆ, ತಡೆದುಕೊಳ್ಳುತ್ತೇನೆ. ನಲಿವು ಇರಲಿಲ್ಲ. ಪ್ರತಿ ಎರಡು ಹಾಡುಗಳ ನಡುವಿನ ಸಂದಿನಲ್ಲಿ ನಾವು ತಟ್ಟೆಯ ಅಂಚನ್ನು ನೋಡುತ್ತಿದ್ದೆವು, ಹಳದಿ ಹುಳು ಕಂಡರೆ ಅತ್ತೆ ಬೇಗ ಹೆಕ್ಕಿ ಸುಣ್ಣದ ಡಬ್ಬಕ್ಕೆ ಹಾಕುತ್ತಿದ್ದಳು, ಅಜ್ಜಿ ಅದನ್ನು ಕಂಡೆ ಎಂಬಂತೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಆದರೂ ಹಾಡು ತನ್ನ ಪಾಡಿಗೆ ಹೋಗುತ್ತಿತ್ತು. ಅಪ್ಪ ಮಾಪಿಳ್ಳೆ ಹಾಡು ಬಂದಾಗ ಸೊಪ್ಪು ಹೆಚ್ಚುವ ಕತ್ತಿಯನ್ನು ನಿಧಾನ ಮಾಡುತ್ತಿದ್ದ. ಆ ಭಾಷೆ ನಮ್ಮ ಮನೆಗೆ ಹೂವು ಕೊಳ್ಳಲು ಬರುವ ಕೇರಳದ ವ್ಯಾಪಾರಿಗಳ ಜೊತೆ ಮಾತ್ರ ಬರುತ್ತಿದ್ದದ್ದು. ನಾಗಸ್ವರಕ್ಕೆ ಅಜ್ಜಿ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದಳು. ಇಂಗ್ಲಿಷ್ ಡ್ರಮ್ಮು ಮೊದಲ ಸಲ ಬಂದಾಗ ಯಾರದೋ ಮನೆಯ ಅಟ್ಟ ಕುಸಿದ ಹಾಗಿದೆ ಎಂದಳು. ಎರಡನೇ ದಿನವೋ ಮೂರನೇ ದಿನವೋ ಅದು ಬರದಿದ್ದಾಗ ಅವಳೇ ಕೇಳಿದಳು:

"ಆ ಅಟ್ಟ ಬೀಳೋದು ಎಲ್ಲೋಯ್ತು ಇವತ್ತು?"

ಯಾರೂ ನಗಲಿಲ್ಲ. ಅತ್ತೆ ಎದ್ದು ಅದನ್ನು ಹಾಕಿದಳು.

ಅವ್ವನ ಬಗ್ಗೆ ಈವರೆಗೆ ಹೆಚ್ಚೇನೂ ಬರೆದಿಲ್ಲ. ಆ ಮನೆಯಲ್ಲಿ ಅವಳ ಬಗ್ಗೆ ಹೇಳುವಂಥದು ಏನೂ ನಡೆಯುತ್ತಿರಲಿಲ್ಲ. ಬೇಯಿಸುತ್ತಿದ್ದಳು, ಬಡಿಸುತ್ತಿದ್ದಳು, ತಟ್ಟೆಗಳನ್ನು ಬಿಸಿಲಿಗಿಟ್ಟು ತರುತ್ತಿದ್ದಳು. ಅತ್ತೆ ಬಂದ ಮೇಲೆ ಇನ್ನೊಂದು ಮುದ್ದೆ ಹೆಚ್ಚು ಕಟ್ಟುವಂತಾಯಿತು ಎಂಬ ಅವಳ ಒಂದು ಮಾತು ನೆನಪಿದೆ, ಅದರಲ್ಲಿ ಪ್ರೀತಿ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡಿಲ್ಲ. ನಾಲ್ಕೈದು ದಿನ ಕಳೆದಿರಬೇಕು, ನಡುಮನೆಯ ಕೆಳಸಾಲಿನ ಎರಡು ಮೂರು ತಟ್ಟೆಗಳಲ್ಲಿ ಹಳದಿ ಹುಳು ಒಮ್ಮೆಲೇ ಹೆಚ್ಚಿದವು. ಅತ್ತೆ ಸಂಜೆ ಅವನ್ನು ನೋಡಿ, ಮುಚ್ಚಿ, ಊಟ ಮಾಡದೆ ಮಲಗಿದಳು. ಮರುದಿನ ಮಧ್ಯಾಹ್ನ ಅತ್ತೆ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು, ಅಪ್ಪ ತೋಟದಲ್ಲಿದ್ದ, ಅಜ್ಜಿ ಮಣೆಯ ಮೇಲೆಯೇ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ನಡುಮನೆಯಲ್ಲಿ ಸಾರಂಗಿ ಓಡುತ್ತಿತ್ತು. ಅವ್ವ ಹಳೆ ಪೇಪರ್ ಮುಚ್ಚಿದ ತಟ್ಟೆಯೊಂದನ್ನು ಎದೆಗೆ ಆನಿಸಿಕೊಂಡು ಅಂಗಳ ದಾಟಿ ಹಿತ್ತಲ ಕೋಣೆಯ ಕಡೆ ಬಂದಳು. ನಾನು ಅಲ್ಲಿ ಮೆಟ್ಟಿಲ ಮೇಲೆ ಕೂತಿದ್ದೆ. ಅವಳಿಗೆ ಕೈ ಬಿಡುವಿರಲಿಲ್ಲ.

"ಬಾಗ್ಲು ತೆಗಿ ಕೂಸು."

ತೆಗೆದೆ. ಸ್ವಲ್ಪ ಹೊತ್ತಿಗೆ ಮತ್ತೊಂದು ತಟ್ಟೆ ಹಿಡಿದು ಹೊರಬಂದು ನಡುಮನೆಗೆ ಹೋದಳು. ಅದರ ಮೇಲೂ ಪೇಪರ್ ಇತ್ತು. ಹೀಗೆ ಎಷ್ಟು ಸಲ ಹೋಗಿ ಬಂದಳೋ ಕಾಣೆ. ಬರಿಗಾಲಿನಲ್ಲಿ, ಅಜ್ಜಿಯ ಚಾಚಿದ ಕಾಲನ್ನು ದಾಟುವಾಗ ಮಾತ್ರ ಸ್ವಲ್ಪ ನಿಂತು. ತಟ್ಟೆಗಳನ್ನು ಹೊತ್ತು ಓಡಾಡುವುದು ಅವಳ ದಿನದ ಕೆಲಸವೇ ಆಗಿತ್ತು. ಪೇಪರ್ ಕೆಳಗೆ ಹುಳು ಇದ್ದವೋ ಬರೀ ಹಿಕ್ಕೆ ಇತ್ತೋ ನಾನು ನೋಡಲಿಲ್ಲ.

ನಡುಮನೆಯ ಹುಳುಗಳು ಮೇವು ಬಿಟ್ಟು ಹಣ್ಣಾಗಿ, ಚಂದ್ರಂಕಿ ಎಂಬ ಬಿದಿರು ತಡಿಕೆಯ ಸುರುಳಿಗಳಲ್ಲಿ ಗೂಡು ಕಟ್ಟಿದವು. ಹಿತ್ತಲ ಕೋಣೆಯವು ಮುಕ್ಕಾಲು ಪಾಲು ಹಾಲಾಗಿ ಹೋದವು. ಅಪ್ಪ ಅವನ್ನು ಬುಟ್ಟಿಯಲ್ಲಿ ಹೊತ್ತು ಸುಣ್ಣದ ಗುಂಡಿಗೆ ಹಾಕಿ ಬಂದು ಕೈ ಉಜ್ಜಿ ಉಜ್ಜಿ ತೊಳೆದ. ತಾಳವಾಡಿಯ ಬೀಗರು ಹೇಳಿದ ದಿನ ಬಂದರು. ಚಂದ್ರಂಕಿಯ ಮುಂದೆ ನಿಂತು ಒಂದು ಗೂಡನ್ನು ಬೆರಳಲ್ಲಿ ಒತ್ತಿ ನೋಡಿದರು, ಗಟ್ಟಿಯಾಗಿತ್ತು. ಪೆಟ್ಟಿಗೆ ಹಾಡುತ್ತಲೇ ಇತ್ತು, ಆರಿಸಿ ಎಂದರು. ಅಪ್ಪ ಆರಿಸಲಿಲ್ಲ.

"ಇದು ಯಾವ ನ್ಯಾಯನಪ್ಪ? ಹುಳದ ಮಾತು ಕೇಳಿ ಹೆಣ್ಮಗಳ್ನ ಮನೇಲಿ ಇಕ್ಕತೀರಾ?"

"ನೀವೇ ಒಪ್ಕಂಡೋದ್ರಿ. ಕಾಫಿ ಕುಡ್ಕಂಡೋಗಿ."

ಅವರು ಕುಡಿಯಲಿಲ್ಲ. ಅತ್ತೆ ಉಳಿದಳು. ಕೊನೆಯವರೆಗೂ ಭೀಮನಬೀಡಿನಲ್ಲೇ ಉಳಿದಳು. ಆಮೇಲಿನ ಕೆಲವು ವರ್ಷ ಊರಿನಲ್ಲಿ ಒಂದು ಹೊಸ ರೂಢಿಯೇ ಬೆಳೆಯಿತು. ಯಾರ ಮನೆಯಲ್ಲಿ ಹುಳು ಜ್ವರಕ್ಕೆ ಕೂತರೂ ಗೌರಮ್ಮನ ಪೆಟ್ಟಿಗೆಗೆ ಹೇಳಿ ಕಳಿಸುತ್ತಿದ್ದರು. ಅವಳು ಮನೆಯಿಂದ ಮನೆಗೆ ಅದನ್ನು ಹೊತ್ತು, ಸೀರೆಯ ಸೆರಗಿನಲ್ಲಿ ಕ್ಯಾಸೆಟ್ಟು ಕಟ್ಟಿಕೊಂಡು ಹೋಗುತ್ತಿದ್ದಳು. ಗಂಡನನ್ನು ಬಿಟ್ಟು ಬಂದವಳೆಂದು ಅವಳನ್ನು ಬಾಗಿಲಿಗೇ ಬಿಟ್ಟುಕೊಳ್ಳದಿದ್ದ ಮನೆಗಳವರೂ ಹುಳುಗಳ ನೆಪದಲ್ಲಿ ಸಾರಂಗಿ ಕೇಳಿದರು. ಬೆಳೆ ಕೆಟ್ಟರೆ ಹಾಡಿನ ಆಯ್ಕೆ ಸರಿಯಿರಲಿಲ್ಲ ಎಂದು ಅವಳ ಮೇಲೆ ಬರುತ್ತಿದ್ದರು. ಜ್ವರದ ಮನೆಗೆ ಇಂಗ್ಲಿಷ್ ಬ್ಯಾಡ, ಸಿದ್ದಯ್ಯಂದು ಹಾಕು ಎನ್ನುವವರಿದ್ದರು. ಸಿದ್ದಯ್ಯ ಆ ಹೊತ್ತಿಗೆ ಅದು ತನ್ನ ದನಿಯೇ ಎಂದು ಒಪ್ಪಿಕೊಂಡಿದ್ದ.

ಅವ್ವ ಈಗ ಚಾಮರಾಜನಗರದಲ್ಲಿ ನನ್ನ ಜೊತೆಯಲ್ಲಿದ್ದಾಳೆ. ತಟ್ಟೆಗಳ ವಿಷಯ ಒಂದೆರಡು ಸಲ ಕೇಳಿದ್ದೇನೆ. ಮೊದಲ ಸಲ ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ತಟ್ಟೆ ಎತ್ಕಂಡು ಓಡಾಡ್ದೆ ಇದ್ದ ದಿನ ಯಾವ್ದಿತ್ತು, ಕೂಸು?"

ಎರಡನೇ ಸಲ ಎದ್ದು ಅಡುಗೆಮನೆಗೆ ಹೋದಳು. ಒಂದು ವೇಳೆ ಅವಳು ಹುಳು ಬದಲಿಸಿದ್ದೇ ನಿಜವಾದರೆ ಅತ್ತೆಯ ಮೇಲಿನ ಕರುಣೆಗೋ, ಅಜ್ಜಿಯ ಮೇಲಿನ ಸಿಟ್ಟಿಗೋ, ಆ ಬೀಗರು ತಟ್ಟೆ ಸರಿಸಿದ ರೀತಿಗೋ, ಇಲ್ಲವೇ ಮನೆಯಲ್ಲಿ ಹಾಡು ಇರಲಿ ಎಂದೋ ನನಗೆ ಗೊತ್ತಿಲ್ಲ. ಸಂಜೆ ಫೋನಿನಲ್ಲಿ ಅವಳಿಗೆ ಒಂದೊಂದೇ ಹಾಕಿ ತೋರಿಸುತ್ತೇನೆ, ನಾಗಸ್ವರ, ಮಾಪಿಳ್ಳೆ ಹಾಡು, ಗಿಟಾರು, ಸಾರಂಗಿ. ಎಲ್ಲದಕ್ಕೂ ಒಂದೇ ದನಿಯಲ್ಲಿ ಚೆನ್ನಾಗದೆ ಎನ್ನುತ್ತಾಳೆ, ಸೌಂಡು ಕಮ್ಮಿ ಮಾಡು ಎನ್ನುತ್ತಾಳೆ. ಆ ಮನೆಯಲ್ಲಿ ಉಳಿದವರಿಗೆಲ್ಲ ಯಾವ ಹಾಡು ಇಷ್ಟವಾಗಿತ್ತೆಂದು ನಾನು ಹೇಳಬಲ್ಲೆ. ಅವ್ವನಿಗೆ ಯಾವುದು ಇಷ್ಟವಾಗಿತ್ತು, ಒಂದಾದರೂ ಇಷ್ಟವಾಗಿತ್ತೇ, ನನಗೆ ತಿಳಿಯದು.